ಮಗುವಿನ ಹೃದಯಕ್ಕೆ ತಾಯಿತವೊಂದೇ ಸಾಕೇ?

2003ರ ಜುಲೈ ತಿಂಗಳು. ಸಂಸತ್ ಭವನದ ಮೇಲಿನ ದಾಳಿಯ ಬಳಿಕ ಸ್ಥಗಿತಗೊಂಡಿದ್ದ ದಿಲ್ಲಿ-ಲಾಹೋರ್ ಬಸ್ಸು ಸುಮಾರು ಹದಿನೆಂಟು ತಿಂಗಳ ನಂತರ ಮತ್ತೆ ಸಂಚಾರ ಆರಂಭಿಸಿತು. ಆ ಬಸ್ಸಿನಲ್ಲಿ ಎರಡೂವರೆ ವರ್ಷದ ಹೆಣ್ಣು ಮಗುವೊಂದು ಹೆತ್ತವರ ಜೊತೆ ಗಡಿ ದಾಟಿ ಬಂತು. ಅದರ ಹೃದಯದಲ್ಲಿ ರಂಧ್ರವಿತ್ತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಮಗು ಉಳಿಯಿತು. ಇಡೀ ದೇಶ ಆ ಮಗುವಿಗಾಗಿ ಪ್ರಾರ್ಥಿಸಿತು. ಮಂದಿರಗಳಲ್ಲಿ ಪೂಜೆ ನಡೆಯಿತು, ಮಸೀದಿಗಳಲ್ಲಿ ದುಆ ನಡೆಯಿತು. ಎರಡು ದೇಶಗಳ ರಾಜಕಾರಣಿಗಳಿಂದ ಆಗದ ಕೆಲಸವನ್ನು ಒಂದು ಪುಟ್ಟ ಹೃದಯ ಮಾಡಿತೆಂದು ಪತ್ರಿಕೆಗಳು ಬರೆದವು. ನಾವೂ ಸಂತೋಷಪಟ್ಟೆವು.

ಆದರೆ ಆ ಸಂತೋಷದ ನಡುವೆ ನಾವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದಿದೆ. ಲಾಹೋರಿನ ಮಗು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯನ್ನು ತಲುಪಿತು. ಅದೇ ಬೆಂಗಳೂರಿನಿಂದ ನೂರು ಕಿಲೋಮೀಟರಿನ ಒಳಗಿರುವ ಮುರುಗಮಲ್ಲಕ್ಕೆ ಬಂದು, ಚಾದರ ಹೊದಿಸಿ, ತಾಯಿತ ಕಟ್ಟಿಸಿಕೊಂಡು ಹಿಂದಿರುಗುವ ಮಗು ಆ ಆಸ್ಪತ್ರೆಯನ್ನು ಏಕೆ ತಲುಪುವುದಿಲ್ಲ?

ಚಿಂತಾಮಣಿ ತಾಲೂಕಿನ ಮುರುಗಮಲ್ಲದ ಅಮ್ಮಾಜಾನ್-ಬಾವಾಜಾನ್ ದರ್ಗಾದ ಬಗ್ಗೆ ನಮ್ಮ ಓದುಗರಿಗೆ ಪರಿಚಯ ಹೇಳಬೇಕಾಗಿಲ್ಲ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಬರುವ, ಕನ್ನಡ, ತೆಲುಗು, ದಖ್ಖನಿ ಮೂರೂ ಭಾಷೆಗಳು ಒಟ್ಟಿಗೆ ಕೇಳಿಸುವ ಸ್ಥಳವದು. ಅಲ್ಲಿಗೆ ಹೋದವರು ಯಾವುದಾದರೊಂದು ಮೂಲೆಯಲ್ಲಿ ಸೊರಗಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯನ್ನು ಕಾಣದೆ ಬರುವುದು ಅಪರೂಪ. ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆ. ಎರಡು ಗುಟುಕು ಕುಡಿದು ಏದುಸಿರು ಬಿಡುತ್ತದೆ. ತಿಂಗಳುಗಳು ಕಳೆದರೂ ತೂಕ ಏರುವುದಿಲ್ಲ. ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತದೆ. ಕೆಲವು ಮಕ್ಕಳು ಅತ್ತಾಗ ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಮನೆಯ ಹಿರಿಯರು ಇದನ್ನು ನಜರ್ ಎನ್ನುತ್ತಾರೆ, ಅಸರ್ ಎನ್ನುತ್ತಾರೆ. ನೆರೆಮನೆಯ ಹಿಂದೂ ಅಜ್ಜಿ ಬಾಲಗ್ರಹ ಎನ್ನುತ್ತಾರೆ. ಹೆಸರು ಬೇರೆ, ತಪ್ಪು ಒಂದೇ. ಇವು ಬಹುತೇಕ ಹೃದಯ ಕಾಯಿಲೆಯ ಲಕ್ಷಣಗಳು ಎಂಬುದನ್ನು ಆ ತಾಯಿಗೆ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಜೀವಂತವಾಗಿ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು ಎಂಟರಿಂದ ಒಂಬತ್ತು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ಯಾವುದಾದರೊಂದು ದೋಷ ಇರುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ಇದು ಜಾತಿ, ಧರ್ಮ ನೋಡಿ ಬರುವ ರೋಗವಲ್ಲ. ಇವುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಹೃದಯದ ಎಡ ಮತ್ತು ಬಲ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರ ಉಳಿದುಬಿಡುವುದು. ನಮ್ಮ ಮನೆಗಳಲ್ಲಿ ‘ದಿಲ್ ಮೇ ಸುರಾಖ್’ ಎಂದು ಪಿಸುದನಿಯಲ್ಲಿ ಹೇಳುವುದು ಇದನ್ನೇ.

ಈ ದೋಷವನ್ನು ಎದೆ ಸೀಳದೆ, ಸೂಜಿ ಚುಚ್ಚದೆ, ನೋವಿಲ್ಲದೆ ಕಣ್ಣಾರೆ ಕಾಣುವ ಸಾಧನವೊಂದಿದೆ. ಅದೇ ಎಕೋ ಪರೀಕ್ಷೆ. ಮನುಷ್ಯನ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಎದೆಯ ಮೇಲಿಟ್ಟ ಪುಟ್ಟ ಉಪಕರಣವು ಒಳಕ್ಕೆ ಕಳುಹಿಸುತ್ತದೆ. ಹೃದಯದ ಗೋಡೆ, ಕವಾಟಗಳಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಪರದೆಯ ಮೇಲೆ ಮಿಡಿಯುವ ಹೃದಯದ ಚಿತ್ರ ಮೂಡುತ್ತದೆ. ಇದರಲ್ಲಿ ಎಕ್ಸರೇಯಂತಹ ವಿಕಿರಣವಿಲ್ಲ. ಆದ್ದರಿಂದ ಎಷ್ಟು ಬಾರಿ ಮಾಡಿಸಿದರೂ ಮಗುವಿಗೆ ಅಪಾಯವಿಲ್ಲ. ಈ ವಿದ್ಯೆಯ ಹುಟ್ಟಿನ ಕತೆಯೂ ಸ್ವಾರಸ್ಯಕರ. ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ 1953ರ ಅಕ್ಟೋಬರ್ 29ರಂದು ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು. ಅದಕ್ಕೆ ಮುನ್ನ ಅವರು ಪ್ರಯೋಗಕ್ಕೆಂದು ಎರವಲು ತಂದದ್ದು ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು! ಹಡಗಿನ ಬಿರುಕನ್ನು ಸಮುದ್ರಕ್ಕಿಳಿಯುವ ಮುನ್ನವೇ ಹುಡುಕುವ ಮನುಷ್ಯ ತನ್ನ ಮಗುವಿನ ಹೃದಯದ ಬಿರುಕನ್ನು ಮಾತ್ರ ಹಡಗು ಮುಳುಗುವ ತನಕ ಹುಡುಕದಿದ್ದರೆ ಅದನ್ನೇನೆನ್ನಬೇಕು?

ಎಕೋ ಕೇವಲ ರಂಧ್ರವಿದೆಯೇ ಇಲ್ಲವೇ ಎಂದಷ್ಟೇ ಹೇಳುವುದಿಲ್ಲ. ಹೃದಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನೂ ಅಳೆಯುತ್ತದೆ. ವರದಿಯಲ್ಲಿ ‘ಇಎಫ್’ ಎಂಬ ಒಂದು ಅಂಕಿ ಇರುತ್ತದೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪಾಲನ್ನು ಒಂದು ಮಿಡಿತದಲ್ಲಿ ಹೊರಕ್ಕೆ ತಳ್ಳಲಾಗುತ್ತಿದೆ ಎಂಬುದು ಅದರ ಅರ್ಥ. ಈ ಅಂಕಿಯನ್ನು ನೋಡಿ ಕಂಗೆಡುವ ಕುಟುಂಬಗಳು ಅನೇಕ. ವರದಿಯಲ್ಲಿ 60 ಎಂದಿದ್ದರೆ ಅದನ್ನು ಪರೀಕ್ಷೆಯ ಅಂಕದಂತೆ ಓದಿ, ಮಗುವಿನ ಹೃದಯ ನಲವತ್ತು ಭಾಗ ಕೆಟ್ಟುಹೋಗಿದೆ ಎಂದು ಅಳುತ್ತಾರೆ. ಇದು ತಪ್ಪು ತಿಳಿವಳಿಕೆ. ಯಾವ ಆರೋಗ್ಯವಂತ ಹೃದಯವೂ ತನ್ನಲ್ಲಿರುವ ರಕ್ತವನ್ನೆಲ್ಲ ಒಂದೇ ಸಲಕ್ಕೆ ಬರಿದು ಮಾಡುವುದಿಲ್ಲ. ಸಾಮಾನ್ಯವಾಗಿ ಶೇ. 55ರಿಂದ 70ರ ತನಕ ಇದ್ದರೆ ಅದು ಒಳ್ಳೆಯ ಹೃದಯವೇ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. ಅಂಕಿ ಚೆನ್ನಾಗಿದೆ ಎಂದು ತಿಳಿದು ಮುಂದಿನ ಚಿಕಿತ್ಸೆಯನ್ನೇ ಕೈಬಿಡುವವರಿದ್ದಾರೆ. ಗೋಡೆಯಲ್ಲಿ ದೊಡ್ಡ ರಂಧ್ರವಿದ್ದಾಗ ಅಥವಾ ಕವಾಟ ಸೋರುವಾಗ ಹೃದಯಕ್ಕೆ ರಕ್ತವನ್ನು ತಳ್ಳಲು ಸುಲಭದ ಅಡ್ಡದಾರಿಯೊಂದು ಸಿಕ್ಕಿರುತ್ತದೆ. ಆಗ ಇಎಫ್ ಸರಿಯಾಗಿಯೇ ಕಾಣಬಹುದು. ಆದರೆ ತಳ್ಳಿದ ರಕ್ತವೆಲ್ಲ ದೇಹಕ್ಕೆ ಹೋಗುವುದಿಲ್ಲ, ಒಂದಂಶ ಶ್ವಾಸಕೋಶಕ್ಕೆ ನುಗ್ಗುತ್ತಿರುತ್ತದೆ ಇಲ್ಲವೇ ಹಿಂದಕ್ಕೆ ಸೋರುತ್ತಿರುತ್ತದೆ. ಅಂಕಿಯೊಂದನ್ನೇ ನೋಡಿ ಮಗು ಸೌಖ್ಯವೆಂದು ತೀರ್ಮಾನಿಸಲಾಗದು. ಪರದೆಯ ಮೇಲೆ ಕಾಣುವ ಕೆಂಪು, ನೀಲಿ ಬಣ್ಣಗಳ ಬಗ್ಗೆಯೂ ಭ್ರಮೆಯಿದೆ. ನೀಲಿಯೆಂದರೆ ಕೆಟ್ಟ ರಕ್ತವಲ್ಲ. ರಕ್ತ ಉಪಕರಣದ ಕಡೆಗೆ ಹರಿಯುತ್ತಿದೆಯೋ ಅದರಿಂದ ದೂರಕ್ಕೆ ಹರಿಯುತ್ತಿದೆಯೋ ಎಂಬುದನ್ನಷ್ಟೇ ಆ ಬಣ್ಣಗಳು ಹೇಳುತ್ತವೆ. ಆದ್ದರಿಂದಲೇ ಮಕ್ಕಳ ಎಕೋವನ್ನು ಮಕ್ಕಳ ಹೃದಯವನ್ನು ಬಲ್ಲವರೇ ಮಾಡಬೇಕು, ಅವರೇ ಓದಬೇಕು. ಮಗು ಅಳದೆ ಮಲಗಬೇಕು. ಅದಕ್ಕಾಗಿ ಕೆಲವೊಮ್ಮೆ ನಿದ್ದೆ ಬರಿಸುವ ಸಿರಪ್ ಕೊಡುತ್ತಾರೆ. ಆ ಅರ್ಧ ತಾಸಿನ ತಾಳ್ಮೆಗೆ ಹೆದರಿ ಎದ್ದು ಬರುವ ಹೆತ್ತವರು ತಮ್ಮ ಮಗುವಿನ ಇಡೀ ಆಯುಷ್ಯವನ್ನು ಪಣಕ್ಕಿಡುತ್ತಿದ್ದಾರೆಂಬ ಅರಿವು ಅವರಿಗಿರುವುದಿಲ್ಲ.

ಇಲ್ಲಿ ಕಾಲವೇ ಎಲ್ಲಕ್ಕಿಂತ ಮುಖ್ಯ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅವುಗಳಿಗೆ ಶಸ್ತ್ರಚಿಕಿತ್ಸೆ ಬೇಡ, ಆಗಾಗ ಎಕೋ ಸಾಕು. ತಾಯಿತ ಕಟ್ಟಿಸಿದ ಬಳಿಕ ಮಗು ಗುಣವಾಯಿತು ಎಂದು ಹೇಳಲಾಗುವ ಕತೆಗಳಲ್ಲಿ ಇಂತಹ ರಂಧ್ರಗಳೂ ಇರಬಹುದು. ಆದರೆ ರಂಧ್ರ ದೊಡ್ಡದಾಗಿದ್ದರೆ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಅಲ್ಲಿಯ ಸೂಕ್ಷ್ಮ ನಾಳಗಳನ್ನು ದಪ್ಪಗಾಗಿಸುತ್ತ, ಒತ್ತಡವನ್ನು ಏರಿಸುತ್ತ ಹೋಗುತ್ತದೆ. ಒಂದು ಹಂತ ದಾಟಿದ ಬಳಿಕ ರಂಧ್ರವನ್ನು ಮುಚ್ಚಿದರೆ ಮಗುವಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ವೈದ್ಯರು ಕೈಚೆಲ್ಲುವುದು ಆಗ. ಮೊದಲ ಒಂದೆರಡು ವರ್ಷಗಳಲ್ಲಿ ಗುಣವಾಗಬಹುದಾಗಿದ್ದ ಮಗುವನ್ನು ದರ್ಗಾದಿಂದ ದರ್ಗಾಕ್ಕೆ, ಆಮಿಲರಿಂದ ಆಮಿಲರಿಗೆ ಹೊತ್ತು ತಿರುಗಿ ಎಂಟನೆಯ ವರ್ಷದಲ್ಲಿ ಆಸ್ಪತ್ರೆಗೆ ಒಯ್ದರೆ, ಬಳಿಕ ಬಂದ ಉತ್ತರವನ್ನು ‘ತಕ್ದೀರ್’ ಎಂದು ಕರೆಯುವುದು ವಿಧಿಯ ಮೇಲಿನ ವಿಶ್ವಾಸವಲ್ಲ. ಅದು ನಮ್ಮ ನಿರ್ಲಕ್ಷ್ಯದ ಹೊಣೆಯನ್ನು ಅಲ್ಲಾಹನ ಮೇಲೆ ಹೊರಿಸುವ ಧಾರ್ಷ್ಟ್ಯ. ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಬೇಕೆಂದು ಪ್ರವಾದಿಯವರು(ಸ) ಕಲಿಸಿದ ಪಾಠವನ್ನು ಮದ್ರಸದ ಮೊದಲ ತರಗತಿಯಲ್ಲೇ ಓದಿದವರು ನಾವು. ದುಆ ಬೇಡವೆಂದು ನಾವು ಹೇಳುತ್ತಿಲ್ಲ. ದುಆ ಮಾಡಿದ ಕೈಗಳೇ ಮಗುವನ್ನೆತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಲಿ ಎನ್ನುತ್ತಿದ್ದೇವೆ.

ಹುಟ್ಟಿನಿಂದ ಬಾರದ, ಬಡತನ ತರುವ ಹೃದ್ರೋಗವೂ ಒಂದಿದೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳನ್ನು ಕಂಡವರಿಗೆ ಗೊತ್ತು. ಗೂಡು ಬೇಯಿಸುವ ಹಬೆ, ಸದಾ ಒದ್ದೆಯಾದ ನೆಲ, ಒಂದೇ ಕೋಣೆಯಲ್ಲಿ ಏಳೆಂಟು ಮಂದಿಯ ನಿದ್ದೆ. ಇಂತಹ ಇಕ್ಕಟ್ಟಿನಲ್ಲಿ ಗಂಟಲು ನೋವಿನ ಸೋಂಕು ಒಂದು ಮಗುವಿನಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತದೆ. ಐದರಿಂದ ಹದಿನೈದರ ವಯಸ್ಸಿನ ಕೆಲವು ಮಕ್ಕಳಲ್ಲಿ ಆ ಸೋಂಕಿನ ಬೆನ್ನಿಗೇ ಕೀಲುನೋವು, ಜ್ವರ ಬಂದು ಹೃದಯದ ಕವಾಟಗಳು ಹಾಳಾಗುತ್ತವೆ. ಇದೇ ರುಮ್ಯಾಟಿಕ್ ಹೃದ್ರೋಗ. ಸ್ಟೆತಾಸ್ಕೋಪಿಗೆ ಕೇಳಿಸದ ಆರಂಭದ ಸೋರಿಕೆಯನ್ನೂ ಎಕೋ ತೋರಿಸಬಲ್ಲದು. ಉಗಾಂಡ ದೇಶದಲ್ಲಿ ಹೀಗೆ ಎಕೋ ಮೂಲಕ ಪತ್ತೆಹಚ್ಚಿದ 818 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಪಡೆದವರಲ್ಲಿ ಎರಡು ವರ್ಷಗಳ ಬಳಿಕ ರೋಗ ಉಲ್ಬಣಿಸಿದ್ದು ಶೇ. 0.8 ಮಂದಿಗೆ ಮಾತ್ರ; ಪಡೆಯದವರಲ್ಲಿ ಶೇ. 8.2 ಮಂದಿಗೆ. ಪೆನಿಸಿಲಿನ್ ಹಳೆಯ ಮದ್ದು, ಅಗ್ಗದ ಮದ್ದು. ಆದರೆ ಯಾರಿಗೆ ಕೊಡಬೇಕೆಂದು ತಿಳಿಯಲು ಮೊದಲು ಎಕೋ ಆಗಬೇಕು.

ಹಾಗಾದರೆ ಸರಕಾರ ಏನು ಮಾಡುತ್ತಿದೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳ ತಪಾಸಣೆಯ ವ್ಯವಸ್ಥೆಯಿದೆ. ಜನ್ಮಜಾತ ಹೃದ್ರೋಗವೂ ರುಮ್ಯಾಟಿಕ್ ಹೃದ್ರೋಗವೂ ಅದರ ಪಟ್ಟಿಯಲ್ಲಿವೆ. ಸಂಚಾರಿ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ, ಒಮ್ಮೆ ಸರಕಾರಿ ಮತ್ತು ಅನುದಾನಿತ ಶಾಲೆಗೆ ಹೋಗಬೇಕು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ತನಕ ಚಿಕಿತ್ಸೆಯ ಸೌಲಭ್ಯವಿದೆ. ಬೆಂಗಳೂರಿನಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆಯಿದೆ. ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯು ಹೃದಯ ಶಸ್ತ್ರಚಿಕಿತ್ಸೆಯನ್ನು ರೋಗಿಯ ಧರ್ಮ ಕೇಳದೆ, ಶುಲ್ಕ ಪಡೆಯದೆ ಮಾಡುತ್ತ ಬಂದಿದೆ. ಕಾಗದದ ಮೇಲೆ ಎಲ್ಲವೂ ಇದೆ.

ಆದರೆ ಸರಪಳಿ ತುಂಡಾಗುವುದು ನಡುವೆ. ಸಂಚಾರಿ ತಂಡದ ಕೈಯಲ್ಲಿರುವುದು ಸ್ಟೆತಾಸ್ಕೋಪು, ತೂಕದ ಯಂತ್ರ. ಅನುಮಾನ ಬಂದರೆ ಅವರು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯಿಂದ ಎಕೋ ಯಂತ್ರದ ತನಕದ ದಾರಿಯನ್ನು ಬಡ ತಾಯಿಯೊಬ್ಬಳು ತಾನೇ ಕ್ರಮಿಸಬೇಕು. ಮಕ್ಕಳ ಹೃದ್ರೋಗ ತಜ್ಞರು ಬಹುತೇಕ ಮಹಾನಗರಗಳಲ್ಲೇ ಇದ್ದಾರೆ. ಬಸ್ಸಿನ ಖರ್ಚು, ತಪ್ಪಿದ ದಿನಗೂಲಿ, ಮನೆಯಲ್ಲುಳಿದ ಇನ್ನಿಬ್ಬರು ಮಕ್ಕಳ ಊಟ, ಇವುಗಳನ್ನು ಯಾವ ಕಾರ್ಡೂ ಭರಿಸುವುದಿಲ್ಲ. ಚೀಟಿ ಅಲಮಾರಿನಲ್ಲಿ ಉಳಿಯುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕಚೇರಿಗಳು ಜನರ ಹತ್ತಿರ ಬಂದವು. ತಿಂಗಳಿಗೊಮ್ಮೆ ಮಕ್ಕಳ ಹೃದ್ರೋಗ ತಜ್ಞರೊಬ್ಬರು ಒಯ್ಯಬಹುದಾದ ಎಕೋ ಯಂತ್ರದೊಂದಿಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ತಾಲೂಕು ಆಸ್ಪತ್ರೆಗೆ ಬಂದು ಕುಳಿತುಕೊಳ್ಳುವ ವ್ಯವಸ್ಥೆ ಆಗಬೇಡವೇ? ನಮ್ಮ ಶಾಸಕರಿಗೆ ರಸ್ತೆ, ಶಾದಿ ಮಹಲ್, ಕಬರಸ್ತಾನದ ಕಂಪೌಂಡಿನ ಬೇಡಿಕೆಯನ್ನಲ್ಲದೆ ಇಂತಹ ಬೇಡಿಕೆಯೊಂದನ್ನು ನಾವು ಎಂದಾದರೂ ಕೊಟ್ಟಿದ್ದೇವೆಯೇ?

ಸರಕಾರದ ಕಡೆಗೆ ಬೆರಳು ತೋರಿದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. ಸಂಚಾರಿ ತಂಡ ಸರಕಾರಿ ಶಾಲೆಗೆ ಹೋಗುತ್ತದೆ. ಆದರೆ ನಮ್ಮ ಮಕ್ಕಳಲ್ಲಿ ಅನೇಕರು ಓದುವುದು ಗಲ್ಲಿಯ ಖಾಸಗಿ ಶಾಲೆಗಳಲ್ಲಿ, ವಸತಿ ಮದ್ರಸಗಳಲ್ಲಿ. ತಂಡವನ್ನು ಕರೆದು ಬಾಗಿಲು ತೆರೆದ ಮದ್ರಸಗಳು ಎಷ್ಟಿವೆ? 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ರಾಜ್ಯಕ್ಕೆ ಬಂದಾಗ ಅದು ಸಂತಾನಶಕ್ತಿ ಕುಂದಿಸುವ ಸಂಚೆಂದು ವಾಟ್ಸಾಪಿನಲ್ಲಿ ಹಬ್ಬಿದ ವದಂತಿಯನ್ನು ನಂಬಿದವರಲ್ಲಿ ನಮ್ಮವರೂ ಇದ್ದರು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಹುಟ್ಟುವ ಮಗುವಿನ ಹೃದಯಕ್ಕೇ ದೋಷ ಬರಬಹುದು ಎಂಬ ಸತ್ಯವನ್ನು ಅಷ್ಟೇ ವೇಗದಲ್ಲಿ ಹಬ್ಬಿಸಲು ನಮ್ಮಿಂದಾಗಲಿಲ್ಲ.

ರಕ್ತಸಂಬಂಧದ ವಿವಾಹದ ವಿಷಯವನ್ನೂ ಮುಚ್ಚಿಡಬಾರದು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಜನ್ಮಜಾತ ಹೃದ್ರೋಗ ಹೆಚ್ಚೆಂದು ಮೈಸೂರಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದಾರೆ. ಸೋದರಮಾವನನ್ನು ವರಿಸುವ ಪದ್ಧತಿ ನಮ್ಮಲ್ಲಿಲ್ಲ, ಅದು ನಿಷಿದ್ಧ. ಆದರೆ ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳ ನಡುವೆ ತಲೆಮಾರುಗಳಿಂದ ನಡೆದುಬಂದ ಮದುವೆಗಳು ನಮ್ಮಲ್ಲಿ ಹೇರಳ. ಶರೀಅತ್ ಅದಕ್ಕೆ ಅನುಮತಿ ನೀಡಿದೆ, ಕಡ್ಡಾಯ ಮಾಡಿಲ್ಲ. ಹಾಗೆಂದು ರೋಗಕ್ಕೆಲ್ಲ ಇದೊಂದೇ ಕಾರಣವಲ್ಲ, ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಆದ್ದರಿಂದ ಮಗುವನ್ನು ಹೆತ್ತ ತಪ್ಪಿಗೆ ಸೊಸೆಯನ್ನು ಹೀನಾಯಿಸುವ ಅತ್ತೆಯಂದಿರು ಅಲ್ಲಾಹನನ್ನು ಭಯಪಡಲಿ. ಕುಟುಂಬದಲ್ಲಿ ಒಂದು ಮಗುವಿಗೆ ಹೃದ್ರೋಗವಿದ್ದರೆ ಮುಂದಿನ ಗರ್ಭದಲ್ಲಿ 18ರಿಂದ 22ನೇ ವಾರದ ನಡುವೆ ಗರ್ಭಸ್ಥ ಶಿಶುವಿನ ಹೃದಯದ ಎಕೋ ಮಾಡಿಸಬಹುದು. 1994ರ ಕಾಯ್ದೆ ನಿಷೇಧಿಸಿರುವುದು ಶಿಶು ಗಂಡೋ ಹೆಣ್ಣೋ ಎಂದು ತಿಳಿಯುವುದನ್ನು. ಅದರ ಹೃದಯವನ್ನು ನೋಡುವುದನ್ನಲ್ಲ.

ಹೆಣ್ಣೆಂದಾಗ ಇನ್ನೊಂದು ಕಹಿ ಸತ್ಯ ನೆನಪಾಗುತ್ತದೆ. ಹೃದಯ ಶಸ್ತ್ರಚಿಕಿತ್ಸೆಗೆ ಸಲಹೆ ಪಡೆದ ಮಕ್ಕಳಲ್ಲಿ ಗಂಡುಮಕ್ಕಳ ಪೈಕಿ ಶೇ. 70 ಮಂದಿಗೆ ಚಿಕಿತ್ಸೆಯಾದರೆ ಹೆಣ್ಣುಮಕ್ಕಳ ಪೈಕಿ ಶೇ. 44 ಮಂದಿಗೆ ಮಾತ್ರ ಆಯಿತೆಂದು ದಿಲ್ಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದರು. ಎದೆಯ ಮೇಲೆ ಗಾಯದ ಗುರುತು ಉಳಿದರೆ ನಾಳೆ ರಿಷ್ತಾ ಬರುವುದಿಲ್ಲವಲ್ಲ ಎಂಬ ಚಿಂತೆ! ಹೆಣ್ಣುಮಕ್ಕಳನ್ನು ಜೀವಂತ ಹೂಳುತ್ತಿದ್ದ ಜಾಹಿಲಿಯ್ಯತ್ತನ್ನು ಕೊನೆಗೊಳಿಸಿದ ಧರ್ಮದ ಅನುಯಾಯಿಗಳೆಂದು ಹೆಮ್ಮೆಪಡುವ ನಾವು, ಗಾಯದ ಗುರುತಿಗೆ ಹೆದರಿ ಮಗಳನ್ನು ನಿಧಾನವಾಗಿ ಸಾಯಲು ಬಿಡುವುದು ಬೇರೆ ರೀತಿಯ ಹೂಳುವಿಕೆಯಲ್ಲವೇ?

ಹೃದಯದ ಈ ವಿದ್ಯೆ ನಮಗೆ ಪರಕೀಯವೇನಲ್ಲ. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವುಗಳ ಮೂಲಕ ರಕ್ತ ಎಡಕ್ಕೆ ಹೋಗುತ್ತದೆಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಜಗತ್ತು ಸಾವಿರ ವರ್ಷ ನಂಬಿತ್ತು. ಹದಿಮೂರನೆಯ ಶತಮಾನದಲ್ಲಿ ಇಬ್ನು ನಫೀಸ್ ಇದನ್ನು ನಿರಾಕರಿಸಿದರು. ಆ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತವು ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು ಎಡಭಾಗಕ್ಕೆ ಬರುತ್ತದೆ ಎಂದು ಬರೆದರು. ಅವರು ಕಲಿತದ್ದು ದಮಾಸ್ಕಸ್‌ನ ನೂರಿ ಬೀಮಾರಿಸ್ತಾನದಲ್ಲಿ, ಜೀವಿಸಿದ್ದು ಕೈರೋದಲ್ಲಿ. 1288ರಲ್ಲಿ ನಿಧನರಾಗುವ ಮುನ್ನ ತಮ್ಮ ಮನೆಯನ್ನೂ ಗ್ರಂಥಭಂಡಾರವನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಸುಲ್ತಾನ್ ಖಲಾವೂನ್ ಕಟ್ಟಿಸಿದ ಆ ಆಸ್ಪತ್ರೆ ನಡೆಯುತ್ತಿದ್ದುದು ವಕ್ಫ್ ಆದಾಯದಿಂದ.

2025ರಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆ ಬಂದಾಗ ನಾವು ಪ್ರತಿಭಟಿಸಿದೆವು. ಅದು ಸರಿಯಾದುದೇ. ಆದರೆ ವಕ್ಫ್ ನಮ್ಮದು ಎಂಬ ಕೂಗಿಗೆ ಬಲ ಬರುವುದು ವಕ್ಫ್‌ನಿಂದ ಬಡವನ ಮಗು ಬದುಕಿತು ಎಂದು ತೋರಿಸಿದಾಗ. ದರ್ಗಾಗಳ ಹುಂಡಿಗೆ ಬೀಳುವ ಹಣ ಸುಣ್ಣಬಣ್ಣ, ವಿದ್ಯುದ್ದೀಪದ ಅಲಂಕಾರಕ್ಕೇ ಮುಗಿದುಹೋಗಬೇಕೇ? ಮುರುಗಮಲ್ಲದಲ್ಲಿ ಉರೂಸ್ ಮತ್ತು ಜನಸಂದಣಿಯ ದಿನಗಳಲ್ಲಿ ಒಂದು ಮೇಜು, ಇಬ್ಬರು ದಾದಿಯರು, ತಿಳಿಹೇಳುವ ಒಬ್ಬ ಆಲಿಮ್ ಇರಲಿ. ಏದುಸಿರು ಬಿಡುವ ಮಗುವನ್ನು ಕಂಡರೆ ಹೆಸರು ಬರೆದುಕೊಂಡು ಎಕೋ ಆಗುವ ತನಕ ಜೊತೆಗೆ ನಿಲ್ಲಲಿ. ಹರಕೆ ಹೊತ್ತು ಬಂದ ಹಿಂದೂ ತಾಯಿಗೂ ಅಷ್ಟೇ ಕಾಳಜಿ ಸಿಗಲಿ. ಪ್ರತಿ ಜಮಾಅತ್ ತನ್ನ ಬೈತುಲ್ ಮಾಲ್‌ನಿಂದ ಬಸ್ಸಿನ ಖರ್ಚು, ಎರಡು ದಿನದ ಕೂಲಿ ಕೊಡುವ ನಿರ್ಧಾರ ಮಾಡಲಿ. ಇಮಾಮರು ವರ್ಷದಲ್ಲಿ ಒಂದು ಜುಮಾದಂದಾದರೂ ಈ ಲಕ್ಷಣಗಳನ್ನು ಮಿಂಬರಿನಿಂದ ಹೇಳಲಿ. ಹೆತ್ತವರು ಎಲ್ಲ ವರದಿಗಳನ್ನು ಒಂದೇ ಫೈಲಿನಲ್ಲಿ ಜೋಪಾನ ಮಾಡಲಿ. ಶಸ್ತ್ರಚಿಕಿತ್ಸೆಯಾದ ಬಳಿಕವೂ ವೈದ್ಯರು ಕರೆದ ದಿನ ಎಕೋಗೆ ಹೋಗಲಿ. ಹಿಂದಿನ ಮತ್ತು ಇಂದಿನ ವರದಿಗಳನ್ನು ಹೋಲಿಸಿಯೇ ಹೃದಯ ಸುಧಾರಿಸಿತೋ ಸೋಲುತ್ತಿದೆಯೋ ಎಂದು ಹೇಳಲು ಸಾಧ್ಯ.

ಲಾಹೋರಿನ ಮಗುವಿಗಾಗಿ ಗಡಿಯ ಬಾಗಿಲು ತೆರೆಯಿತು. ನಮ್ಮ ಗಲ್ಲಿಯ ಮಗುವಿನ ದಾರಿಯಲ್ಲಿರುವುದು ಯಾವ ದೇಶದ ಗಡಿಯೂ ಅಲ್ಲ, ನಮ್ಮದೇ ಅಜ್ಞಾನ ಮತ್ತು ಉದಾಸೀನ. ಅದನ್ನು ತೆಗೆಯಲು ಯಾವ ವೀಸಾವೂ ಬೇಕಿಲ್ಲ. ನಾಳೆ ದೀನಿನ ನ್ಯಾಯಾಲಯದಲ್ಲಿ ಆ ಮಗು ತನ್ನನ್ನು ಯಾವ ತಪ್ಪಿಗಾಗಿ ಸಾಯಲು ಬಿಟ್ಟಿರೆಂದು ಕೇಳಿದರೆ, ತಾಯಿತ ಕಟ್ಟಿಸಿದ್ದೆವು ಎಂಬ ಉತ್ತರ ನಮ್ಮನ್ನು ಕಾಪಾಡೀತೇ?